ಪೆಟ್ಟಿಗೆ ಬಾರದ ಮಧ್ಯಾಹ್ನ

ಎರಡು ವರ್ಷ ನಮ್ಮ ಅಪ್ಪನನ್ನು ಕಾಯ್ದದ್ದು ಒಂದು ಡಿವಿಡಿ. ಹೀಗೆಂದರೆ ಜನ ನಗುತ್ತಾರೆ. ನಗಲಿ, ಮೊದಲು ನಾನೂ ನಕ್ಕವಳೇ.

ಮರೆವು ಹತ್ತಿದ ಮೇಲೆ ಅಪ್ಪ ಎರಡು ಸಲ ಮನೆ ಬಿಟ್ಟು ಹೋಗಿದ್ದರು. ಮೊದಲ ಸಲ ನಮ್ಮ ಕಲಬುರಗಿಯ ಹೊರಗೆ, ಶರಣಸಿರಸಗಿಯ ಆಚೆ ಯಾರದೋ ತೊಗರಿ ಹೊಲದ ಬದುವಿನ ಮೇಲೆ ಕೂತಿದ್ದರು. ಎರಡನೆಯ ಸಲ ಸಿಕ್ಕಿದ್ದು ಸೇಡಂ ರಸ್ತೆಯ ಡಿವೈಡರ್ ಮೇಲೆ, ಬರಿಗಾಲಲ್ಲಿ. ಡಾಕ್ಟರು ಚೀಟಿ ಬರೆಯುತ್ತ ತಲೆ ಎತ್ತದೆ, "ಮೂರನೇ ಸಲಕ್ಕ ಕಾಯಬ್ಯಾಡ್ರಿ. ಒಬ್ಬರನ್ನೇ ಹೊರಗ ಬಿಡಬ್ಯಾಡ್ರಿ" ಎಂದರು. ಹೇಳುವುದು ಸುಲಭ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮನೆ ಸೇರುವುದು ಐದಕ್ಕೆ. ನನ್ನ ಗಂಡ ಕಪನೂರದ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್, ಬರುವುದು ಇನ್ನೂ ತಡ. ಅಡುಗೆಯ ಅಕ್ಕ ಅಪ್ಪನಿಗೆ ಊಟ ಬಡಿಸಿ ಎರಡಕ್ಕೆ ಹೋಗಿಬಿಡುತ್ತಿದ್ದಳು. ಎರಡರಿಂದ ಐದರವರೆಗೆ ಅಪ್ಪ ಒಬ್ಬರೇ. ಹೊರಗಿನಿಂದ ಬೀಗ ಹಾಕಿ ಹೋಗ್ರಿ ಎಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ಹೆತ್ತ ತಂದೆಯನ್ನು ದನದ ಹಾಗೆ ಕೂಡಿಹಾಕುವ ಮಗಳು ನಾನಲ್ಲ ಎಂದು ಅವರಿಗೆ ಚುಚ್ಚಿಯೇ ಉತ್ತರ ಕೊಟ್ಟಿದ್ದೆ. ನನ್ನ ಬಾಯಿ ಸ್ವಲ್ಪ ಜೋರು.

ಆ ಮೂರು ಗಂಟೆಯನ್ನು ಡಿವಿಡಿ ನೋಡಿಕೊಳ್ಳುತ್ತಿತ್ತು. ಒಂದು ಹಳೆಯ ಸಾಮಾಜಿಕ ಚಿತ್ರ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಅದರ ಹಾಡು ಗುನುಗಲು ಶುರು ಮಾಡುತ್ತೀರಿ, ನನಗೆ ಈಗ ಅದನ್ನು ಕೇಳುವ ಶಕ್ತಿಯಿಲ್ಲ. ಅಪ್ಪ ದಿನಾ ಅದೊಂದನ್ನೇ ನೋಡುತ್ತಿದ್ದರು. ಅವರು ಇಪ್ಪತ್ತಾರು ವರ್ಷ ಕಮಲಾಪುರದ ಟಾಕೀಸಿನಲ್ಲಿ ರೀಲು ಓಡಿಸುವ ಆಪರೇಟರ್ ಆಗಿದ್ದವರು. ಊಟವಾದ ಮೇಲೆ ಕೈ ಒರೆಸಿಕೊಂಡು, ಡಬ್ಬಿಯಿಂದ ಡಿಸ್ಕನ್ನು ಅಂಚು ಹಿಡಿದು ತೆಗೆದು, ಧೋತರದ ಚುಂಗಿನಿಂದ ಒರೆಸಿ, ಪ್ಲೇಯರಿಗೆ ಹಾಕಿ, ಅದರ ಬಾಗಿಲು ಮುಚ್ಚುವವರೆಗೂ ಉಸಿರು ಹಿಡಿದಿರುತ್ತಿದ್ದರು. ಮಗಳ ಹೆಸರು ಮರೆತ ದಿನಗಳಲ್ಲೂ ಆ ಕೈಗೆ ಅದರ ಕೆಲಸ ಮರೆತಿರಲಿಲ್ಲ.

ಚಿತ್ರದ ನಡುವೆ ತೆರೆಯ ಮೇಲೆ 'ಮಧ್ಯಂತರ' ಎಂದು ದೊಡ್ಡ ಅಕ್ಷರ ಬರುತ್ತಿತ್ತು. ಅಪ್ಪ ಪ್ಲೇಯರ್ ನಿಲ್ಲಿಸಿ, ಬಚ್ಚಲಿಗೆ ಹೋಗಿ ಬಂದು, ಫ್ಲಾಸ್ಕಿನ ಚಹಾ ಕುಡಿದು, ಮತ್ತೆ ಹಚ್ಚುತ್ತಿದ್ದರು. ಚಿತ್ರ ಮುಗಿಯುವ ಹೊತ್ತಿಗೆ ನಾನು ಗೇಟು ತೆಗೆಯುತ್ತಿದ್ದೆ. ಬಾಗಿಲಿಗೆ ಚಿಲಕ ಕೂಡ ಇರುತ್ತಿರಲಿಲ್ಲ.

ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಎರಡನೇ ಹಾಡಿನಲ್ಲಿ ನಾಯಕಿ ಬಾಯಿ ತೆರೆದು ಹಾಗೇ ನಿಂತುಬಿಡುತ್ತಿದ್ದಳು. ಪ್ಲೇಯರ್ ಕೂಡ ಮುದಿ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಧೂಳು, ವೈರು, ಹಳೆಯ ಡಬ್ಬಿ ಕಂಡರೆ ನನಗೆ ಮೈ ಉರಿಯುತ್ತದೆ. ಆ ವರ್ಷ ಹೊಸ ಟಿವಿ ತಂದಿದ್ದೆವು. ಹುಡುಕಿದರೆ ಅದೇ ಚಿತ್ರ ಒಂದು ಆಪ್‌ನಲ್ಲಿ ಇತ್ತು, ಬಣ್ಣ ತೊಳೆದಿಟ್ಟ ಹಾಗೆ ಸ್ವಚ್ಛ. 'ಖರೀದಿಸಿ' ಎಂಬ ಗುಂಡಿ ಒತ್ತಿದೆ. ಖರೀದಿ ಎಂದರೆ ನಮ್ಮ ಕಡೆ ಕೈಗೆ ಬಂದ ಮೇಲೆ ತಿರುಗಿ ಹೋಗದ ವಸ್ತು. ಮರುದಿನವೇ ಪ್ಲೇಯರು, ಡಬ್ಬಿಗಳು ಎಲ್ಲವನ್ನೂ ಗುಜರಿಯವನ ಗಾಡಿಗೆ ಹಾಕಿಸಿದೆ.

"ಅದೊಂದು ಡಿಸ್ಕ್ ಇರ್ಲಿ ಬಿಡು," ಎಂದ ನನ್ನ ಗಂಡ.

"ಇಟ್ಕೊಂಡು ಪೂಜಾ ಮಾಡ್ತೀರೇನು?" ಎಂದೆ. ನಮ್ಮ ಮನೆಯಲ್ಲಿ ವಾದ ಸಾಮಾನ್ಯವಾಗಿ ಹೀಗೇ ಮುಗಿಯುತ್ತದೆ.

ಮೊದಲ ವಾರದಲ್ಲೇ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಟಿವಿ ಹಚ್ಚುವುದು ಅಪ್ಪನಿಗೆ ತಿಳಿಯುತ್ತಿರಲಿಲ್ಲ, ಅಡುಗೆಯ ಅಕ್ಕ ಗುಂಡಿ ಒತ್ತಿ ಹೋಗುತ್ತಿದ್ದಳು. ಅಪ್ಪ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೇರೆಯವರ ಟಾಕೀಸಿಗೆ ಬಂದವರಂತೆ ಕೂತಿರುತ್ತಿದ್ದರು. ನಾನು ಬಂದಾಗ ಅವರ ಧೋತರ ಒದ್ದೆಯಾಗಿರುತ್ತಿತ್ತು, ಫ್ಲಾಸ್ಕಿನ ಚಹಾ ಹಾಗೇ ಇರುತ್ತಿತ್ತು. ಮೂರನೆಯ ದಿನ ಕೇಳಿದರು, "ಇಂಟರ್ವಲ್ ಯಾಕ ಬರವಲ್ದು?"

ನಾನು ಚಿತ್ರ ಓಡಿಸಿ ನೋಡಿದೆ. ಹೌದು, ಆಪ್‌ನ ಪ್ರತಿಯಲ್ಲಿ ಮಧ್ಯಂತರವೇ ಇಲ್ಲ. ಆ ಅಕ್ಷರವನ್ನು ಯಾರೋ ಕತ್ತರಿಸಿ ಎರಡು ಭಾಗವನ್ನು ಕೂಡಿಸಿಬಿಟ್ಟಿದ್ದರು. ಎದ್ದು ಹೋಗು ಎಂದು ಹೇಳುವವರಿಲ್ಲದೆ ಅಪ್ಪ ಏಳುತ್ತಿರಲಿಲ್ಲ. ಅದು ಅಷ್ಟಕ್ಕೇ ನಿಂತಿದ್ದರೆ ಧೋತರ ಒಗೆದು ಸುಮ್ಮನಾಗಬಹುದಿತ್ತು.

ಒಂದು ದಿನ ಅಪ್ಪನ ಚಪ್ಪಲಿ ಗೂಡಿನಲ್ಲಿರಲಿಲ್ಲ, ಹೊಸ್ತಿಲ ಹತ್ತಿರ ಹೊರಗೆ ಮುಖ ಮಾಡಿ ಇದ್ದವು. ಇನ್ನೊಂದು ದಿನ ಅವರ ಅಂಗಿಯ ಕಿಸೆ ಜೋತು ಬಿದ್ದಿತ್ತು. ಕೈ ಹಾಕಿದರೆ ಹಳೆಯ ಸ್ಟೀಲಿನ ಟಾರ್ಚು. "ಹಗಲಾಗ ಇದ್ಯಾಕಪ್ಪಾ?" ಎಂದೆ. ಅವರು ನನ್ನ ಕಿವಿಯ ಹತ್ತಿರ ಬಂದು, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಾರೆ ಎಂಬಂತೆ ಮೆಲ್ಲಗೆ, "ಪೆಟ್ಟಿಗಿ ಬಂದಿಲ್ಲ" ಎಂದರು. ನಾನು ನಕ್ಕು ಟಾರ್ಚನ್ನು ಕಪಾಟಿನಲ್ಲಿಟ್ಟೆ. ಮರುದಿನ ಅದು ಮತ್ತೆ ಅವರ ಕಿಸೆಯಲ್ಲಿತ್ತು. ಆಗಲೇ ಹೆದರಬೇಕಿತ್ತು ನಾನು. ಮಕ್ಕಳಿಗೆ ಲಕ್ಷಣ ನೋಡಿ ಕಾರಣ ಹುಡುಕಿ ಎಂದು ಪಾಠ ಹೇಳುವವಳು, ಮನೆಯಲ್ಲಿ ಕಣ್ಣಿದ್ದೂ ಕುರುಡಿಯಾಗಿದ್ದೆ.

ಅದು ತೊಗರಿ ಕೊಯ್ಲಿನ ಕಾಲ. ಸಂಜೆ ಐದಕ್ಕೆ ನಾನು ಬಂದಾಗ ಬಾಗಿಲು ತೆರೆದಿತ್ತು. ಕುರ್ಚಿ ಖಾಲಿ. ಟಿವಿಯ ಕರಿ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು: ಈ ಚಿತ್ರ ಈಗ ಲಭ್ಯವಿಲ್ಲ. ನಾನು ಕೊಂಡ ಚಿತ್ರ, ನನ್ನ ಮನೆಯ ಗೋಡೆಯ ಮೇಲೆ, ನನಗೇ ಲಭ್ಯವಿಲ್ಲ. ಅಡುಗೆಯ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಇಂಗ್ಲಿಷ್ ಬಾರದು. "ಪಿಚ್ಚರ್ ಹತ್ತಲಿಲ್ರಿ. ಬರ್ತದ, ಕೂಡ್ರಿ ಅಂತ ಹೇಳಿ ಬಂದೀನಿ," ಎಂದಳು. ಅಂದರೆ ಅಪ್ಪ ಹೊರಟು ಮೂರು ಗಂಟೆಯೇ ಆಗಿರಬಹುದು. ಹೊಸ್ತಿಲು, ಕಪಾಟು ಎರಡನ್ನೂ ನೋಡಿದೆ. ಚಪ್ಪಲಿಯೂ ಇರಲಿಲ್ಲ, ಟಾರ್ಚೂ ಇರಲಿಲ್ಲ.

ಗಂಡನಿಗೆ ಹೇಳಿ, ಪೊಲೀಸರಿಗೆ ಹೇಳಿ, ಕೊನೆಗೆ ಚಾಚಾನಿಗೆ ಫೋನ್ ಮಾಡಿದೆ. ಚಾಚಾ ಎಂದರೆ ಅಪ್ಪನ ಹಳೆಯ ಜೊತೆಗಾರ, ಈಗ ಕಲಬುರಗಿಯಲ್ಲೇ ಮಕ್ಕಳ ಮನೆಯಲ್ಲಿದ್ದಾರೆ. ಪೆಟ್ಟಿಗೆ ಎಂದು ಅಪ್ಪ ಗೊಣಗುತ್ತಿದ್ದರು ಎಂದಾಗ ಅವರ ದನಿ ಬದಲಾಯಿತು.

"ಬೇಟಿ, ಆ ಜಮಾನಾದಾಗ ಎರಡ್ ಟಾಕೀಸಿಗಿ ಒಂದೇ ಪ್ರಿಂಟ್ ಇರ್ತಿತ್ತು. ಕಲಬುರಗಿದಾಗ ಓಡಿದ ರೀಲು ಪೆಟ್ಟಿಗ್ಯಾಗ ಹಾಕ್ಕೊಂಡು ನಾ ಮೋಟರ್‌ಸೈಕಲ್ ಮ್ಯಾಲೆ ಕಮಲಾಪುರಕ್ಕ ಒಯ್ತಿದ್ದೆ. ಇಂಟರ್ವಲ್‌ಕ್ಕ ಎರಡನೇ ಪೆಟ್ಟಿಗಿ ಮುಟ್ಬೇಕು. ಇಂಟರ್ವಲ್ ಹಾಕ್ಯಾರ ಅಂದ್ರ ಪೆಟ್ಟಿಗಿ ಬಂದದ ಅಂತ ಅರ್ಥ."

"ಬರದಿದ್ರ?"

"ಬರದಿದ್ರ ನಿಮ್ಮಪ್ಪ ಟಾಕೀಸಿನಾಗ ಕೂಡ್ತಿರಲಿಲ್ಲ. ಟಾರ್ಚ್ ಹಿಡ್ಕೊಂಡು ನನ್ನ ಎದುರಿಗಿ ನಡ್ಕೋತ ಬರ್ತಿದ್ರು. ರೋಡಿನ ನಡು. ಬಾಜೂಕ ನಿಂತ್ರ ಕತ್ತಲದಾಗ ನನಗ ಕಾಣಂಗಿಲ್ಲ ಅಂತ. ಜಲ್ದಿ ಹೋಗು ಬೇಟಿ."

ನಾನು ಆಟೊ ಹಿಡಿದು ಕಪನೂರಕ್ಕೆ ಹೋದೆ. ಗಂಡ ಮಿಲ್ಲಿನ ಗೇಟಿನಲ್ಲಿ ಬೈಕ್ ಚಾಲೂ ಮಾಡಿಕೊಂಡೇ ನಿಂತಿದ್ದ. ಚಾಚಾ ಪೆಟ್ಟಿಗೆ ಒಯ್ಯುತ್ತಿದ್ದ ಕಾಲದಲ್ಲಿ ಆ ಕಮಲಾಪುರದ ದಾರಿಯಲ್ಲಿ ಗಂಟೆಗೆ ನಾಲ್ಕು ಗಾಡಿ ಇದ್ದವೋ ಇಲ್ಲವೋ. ಈಗ ಅದು ಹೆದ್ದಾರಿ. ಸೂರ್ಯ ಮುಳುಗುತ್ತಿದ್ದ, ಲಾರಿಗಳು ಒಂದರ ಹಿಂದೆ ಒಂದು ದೀಪ ಹಚ್ಚಿಕೊಳ್ಳುತ್ತಿದ್ದವು. ಎದುರಿನಿಂದ ಬಂದ ಪ್ರತಿ ಲಾರಿಯ ಮುಂಭಾಗವನ್ನೂ ನಾನು ನೋಡುತ್ತಿದ್ದೆ. ಏನು ಹುಡುಕುತ್ತಿದ್ದೇನೆ ಎಂದು ಗಂಡನಿಗೆ ಹೇಳಲಿಲ್ಲ.

ಮಹಾಗಾಂವ ದಾಟಿದ ಮೇಲೆ ಎದುರಿನಿಂದ ವಾಹನ ಬರುವುದೇ ಒಮ್ಮೆಲೆ ನಿಂತುಹೋಯಿತು. ಖಾಲಿ ರಸ್ತೆಯಲ್ಲಿ ದೂರ ಒಂದು ಸಣ್ಣ ಹಳದಿ ಬೆಳಕು ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಅದರ ಹಿಂದೆ ಒಂದು ಲಾರಿ ಆಮೆಯ ಹಾಗೆ ಬರುತ್ತ ಒಂದೇ ಸಮನೆ ಹಾರ್ನ್ ಹಾಕುತ್ತಿತ್ತು. ಅಪ್ಪ ನಡುರಸ್ತೆಯ ಬಿಳಿ ಗೆರೆಯ ಮೇಲೆ ನಡೆದು ಬರುತ್ತಿದ್ದರು, ಹಿಂದಿನ ಗದ್ದಲ ತಮಗೆ ಸಂಬಂಧಿಸಿದ್ದಲ್ಲ ಎಂಬಂತೆ. ಕಮಲಾಪುರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ವಾಪಸ್ ನಡೆದು ಬಂದಿದ್ದರು ಎಂದು ಆಮೇಲೆ ತಿಳಿಯಿತು. ನಮ್ಮ ಬೈಕಿನ ಬೆಳಕು ಬಿದ್ದದ್ದೇ ಅವರ ಮುಖ ಅರಳಿತು. ಓಡಿಬಂದು ಹ್ಯಾಂಡಲ್ ಹಿಡಿದುಕೊಂಡರು.

"ಎಲ್ಲಿ ಪೆಟ್ಟಿಗಿ?"

ನಾನು ಬೈಕಿನಿಂದ ಇಳಿದೆ. ನನ್ನ ಖಾಲಿ ಕೈಗಳನ್ನು ನೋಡಿ ಅಪ್ಪನ ಮುಖ ಮತ್ತೆ ಮುಚ್ಚಿಕೊಂಡಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಶಾಲೆಗೆ ರಜೆ ಹಾಕಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ನಮ್ಮ ಡಿಸ್ಕ್ ಸಿಗಲಿಲ್ಲ. ಚಾಚಾ ಎಲ್ಲೆಲ್ಲೋ ವಿಚಾರಿಸಿ, ಮುಚ್ಚಿದ ಒಂದು ಸಿಡಿ ಅಂಗಡಿಯ ಗೋದಾಮಿನಿಂದ ಅದೇ ಚಿತ್ರದ ಇನ್ನೊಂದು ಡಿಸ್ಕ್ ಹುಡುಕಿ ತಂದರು. ಗಂಡ ಹಳೆಯ ಪ್ಲೇಯರ್ ಒಂದನ್ನು ಎಲ್ಲಿಂದಲೋ ತಂದ. ನಾನು ಬಾಗಿಲ ಪಕ್ಕ ಕೂತು ನೋಡಿದೆ. ಅಪ್ಪ ಡಿಸ್ಕಿನ ಅಂಚು ಹಿಡಿದು, ಒರೆಸಿ, ಹಾಕಿದರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಹೊತ್ತಿಗೆ ಸರಿಯಾಗಿ 'ಮಧ್ಯಂತರ' ಬಂತು.

ಅಪ್ಪ ಚಹಾ ಮುಟ್ಟಲಿಲ್ಲ. ಆ ಅಕ್ಷರವನ್ನು ಅನುಮಾನದಿಂದ ನೋಡಿದರು. "ಇದು ನಿನ್ನೀದು," ಎಂದರು. "ಇವತ್ತಿಂದು ಬಂದಿಲ್ಲ." ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಎರಡು ವರ್ಷ ಬಿಡದೆ ಬಂದ ಪೆಟ್ಟಿಗೆ ಒಮ್ಮೆ ತಪ್ಪಿತ್ತು, ಅಪ್ಪನಿಗೆ ಇನ್ನು ಅದರ ಮೇಲೆ ನಂಬಿಕೆಯಿರಲಿಲ್ಲ. ನನ್ನ ಹೆಸರು ನಿಲ್ಲದ ಆ ತಲೆಯಲ್ಲಿ ಇದೊಂದು ನಿಂತುಬಿಟ್ಟಿತು. ರಜೆ ಮುಗಿಯಿತು. ನಾನು ಬೀಗ ತಂದೆ.

ಅಡುಗೆಯ ಅಕ್ಕ ಎರಡಕ್ಕೆ ಬೀಗ ಹಾಕಿದಳು, ಐದಕ್ಕೆ ನಾನು ತೆಗೆದೆ. ಬಾಗಿಲು ಬಡಿದು ಕೈ ಒಡೆದುಕೊಂಡಿರುತ್ತಾರೆ, ನನ್ನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಒಳಗೆ ಸದ್ದಿಲ್ಲ. ಕುರ್ಚಿಯಲ್ಲಿ ಇಲ್ಲ, ಬಚ್ಚಲಲ್ಲಿ ಇಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ, ಪರದೆ ಎಳೆದು, ಅಡುಗೆಮನೆಯಲ್ಲಿ ಜೋಳದ ಡ್ರಮ್ಮಿನ ಹಿಂದೆ ಮೊಣಕಾಲು ಅಪ್ಪಿಕೊಂಡು ಅಪ್ಪ ಕೂತಿದ್ದರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು.

"ಮಂದಿ ಹೋದ್ರೇನ್ರಿ?" ಎಂದು ಪಿಸುಗುಟ್ಟಿದರು.

ರಾತ್ರಿ ಊಟಕ್ಕೆ ಮುಂಚೆ ಚಾಚಾನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಹೇಳುವ ಮನಸ್ಸಿರಲಿಲ್ಲ, ನಾನು ಬಿಡಲಿಲ್ಲ. ಪೆಟ್ಟಿಗೆ ಬಾರದೆ, ಅಪ್ಪ ಟಾರ್ಚು ಹಿಡಿದು ಹೊರಡುವ ಮೊದಲೇ ರೊಚ್ಚಿಗೆದ್ದ ದಿನ ಜನ ಕುರ್ಚಿ ಮುರಿದು ಆಪರೇಟರನನ್ನು ಹೊಡೆಯಲು ಮೇಲೆ ಹತ್ತುತ್ತಿದ್ದರಂತೆ. ಆಗ ಟಾಕೀಸಿನ ಮಾಲಕರು ಅಪ್ಪನನ್ನು ಪ್ರೊಜೆಕ್ಟರ್ ಕ್ಯಾಬಿನ್ನಿನ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ, ಆಪರೇಟರ್ ಓಡಿಹೋದ ಎಂದು ಜನಕ್ಕೆ ಹೇಳುತ್ತಿದ್ದರಂತೆ. ಒಳಗೆ ದೀಪ ಆರಿಸಿ, ಉಸಿರು ಬಿಗಿಹಿಡಿದು, ಕೆಳಗೆ ಜನ ಕರಗುವವರೆಗೆ ಅಪ್ಪ ಕೂತಿರಬೇಕಿತ್ತು. "ಒಮ್ಮೆ ಬಾಗಲಾ ಅರ್ಧಾ ಮುರದಿದ್ರು ಬೇಟಿ," ಎಂದರು ಚಾಚಾ. ಈ ಮಾತನ್ನು ಅಪ್ಪ ನಮಗೆ ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ಇದೆಲ್ಲ ತಿಳಿದೂ ದಿನಾ ಬೀಗ ಬೀಳುತ್ತದೆ. ಹೆದ್ದಾರಿಯ ಆ ಬಿಳಿ ಗೆರೆ ಕಣ್ಣಿಗೆ ಕಟ್ಟಿದ ಮೇಲೆ ನನಗೆ ಬೇರೆ ದಾರಿ ಕಾಣುತ್ತಿಲ್ಲ. ದಿನಾ ಐದಕ್ಕೆ ಡ್ರಮ್ಮಿನ ಹಿಂದೆ ಬಗ್ಗಿ, "ಹೋದ್ರು, ಎಲ್ಲಾರೂ ಹೋದ್ರು, ಎದ್ದು ಬರ್ರಿ" ಎನ್ನುತ್ತೇನೆ. ಅಪ್ಪ ನನ್ನ ತೋಳು ಹಿಡಿದು ಏಳುತ್ತಾರೆ.

ಮೊನ್ನೆ ಏಳುವಾಗ ಕೇಳಿದರು, "ಬೀಗಾ ಯಾರು ಹಾಕಿದ್ರಿ?"

"ಮಾಲಕ್ರು," ಎಂದೆ.

ಅಪ್ಪ ಬಾಗಿಲಿನ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದರು. "ಅವರ ಹೊಟ್ಟಿ ತಣ್ಣಗಿರ್ಲಿ," ಎಂದರು. ನಾನು ಅವರನ್ನು ಕುರ್ಚಿಯಲ್ಲಿ ಕೂಡಿಸಿ ಚಹಾಕ್ಕೆ ನೀರಿಟ್ಟೆ.