ಡಬ್ಬಿಗೆ ಗುರುತು ಸಿಗದ ಅಕ್ಕತಂಗಿ

ನಮ್ಮ ಮದುವೆಯ ವಿಡಿಯೊವನ್ನು ನನ್ನ ಅತ್ತೆಯವರು ವಾರಕ್ಕೊಮ್ಮೆಯಾದರೂ ನೋಡುತ್ತಾರೆ. ಮಗನ ಮೇಲಿನ ಪ್ರೀತಿಯಿಂದಲ್ಲ, ನನ್ನ ತವರಿನವರು ಊಟಕ್ಕೆ ಬಡಿಸಿದ್ದರಲ್ಲಿ ಹೊಸ ತಪ್ಪು ಏನಾದರೂ ಸಿಗಬಹುದೆಂಬ ಆಸೆಯಿಂದ. ಅವತ್ತು ಮಧ್ಯಾಹ್ನ ಅವರು ಹಾಲ್‌ನಿಂದ ಕೂಗಿದರು.

“ಏನವಾ, ನಿಮ್ಮ ಮಾಮಾ ಲಾಡು ತಿನ್ನಾಕಂತ ಬಾಯಿ ತಗದಾರು, ಮುಚ್ಚವಲ್ರು!”

ಬಂದು ನೋಡಿದೆ. ಟಿವಿಯ ತುಂಬ ನನ್ನ ಸೋದರಮಾವನ ತೆರೆದ ಬಾಯಿ. ವಿಡಿಯೊ ಅಲ್ಲೇ ನಿಂತುಬಿಟ್ಟಿತ್ತು.

ಸಪ್ತಾಪುರದ ನಮ್ಮ ಮನೆಯಲ್ಲಿ ಎಲ್ಲರ ಫೋಟೊ, ವಿಡಿಯೊಗಳು ಇರುವುದು ಒಂದೇ ಕಡೆ. ಹಳೆಯ ಕಂಪ್ಯೂಟರಿಗೆ ಎರಡು ದೊಡ್ಡ ಡಿಸ್ಕ್ ಹಾಕಿ ನಾನೇ ಮಾಡಿಕೊಂಡ ಸರ್ವರ್ ಅದು. ಮೆಟ್ಟಿಲ ಕೆಳಗೆ ಇನ್ವರ್ಟರ್ ಪಕ್ಕ ಕೂತಿರುತ್ತದೆ. ಫೋನಿನಿಂದಲೋ ಟಿವಿಯಿಂದಲೋ ಕರೆದರೆ ಬೇಕಾದ್ದನ್ನು ಕೊಡುತ್ತದೆ. ಮನೆಯಲ್ಲಿ ಅದರ ಹೆಸರು ಡಬ್ಬಿ.

ನನ್ನ ಗಂಡ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾರೆ. ಯಂತ್ರಗಳ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಒಂದೇ ಸೂತ್ರ. “ಬಂದ್ ಮಾಡಿ ಚಾಲೂ ಮಾಡು.” ಮಾಡಿದೆ. ಮಾವ ಲಾಡು ನುಂಗಿದರು. ಅರ್ಧ ಗಂಟೆಯಲ್ಲಿ ಅತ್ತೆಯ ಕೂಗು ಮತ್ತೆ ಕೇಳಿಸಿತು, ಈ ಸಲ ನಮ್ಮಮ್ಮ ಕಣ್ಣು ಅರ್ಧ ಮುಚ್ಚಿ ನಿಂತಿದ್ದರು.

ಮರುದಿನ ಕೇಬಲ್ ಬದಲಿಸಿದೆ. ಫ್ಯಾನಿನಲ್ಲಿ ಸೇರಿದ್ದ ಧೂಳನ್ನು ಬ್ರಷ್ ಹಾಕಿ ತೆಗೆದೆ. ಡಿಸ್ಕುಗಳನ್ನು ಪರೀಕ್ಷೆಗೆ ಹಚ್ಚಿದರೆ ಎರಡೂ ಗಟ್ಟಿಮುಟ್ಟಾಗಿವೆ ಎಂದು ಬಂತು. ಆದರೂ ಒಂದು ಫೋಟೊ ತೆರೆಯಬೇಕೆಂದರೆ ಚಹಾ ಕುಡಿದು ಲೋಟ ತೊಳೆದಿಟ್ಟು ಬರುವಷ್ಟು ಹೊತ್ತು. ಕೊನೆಗೆ ನನ್ನ ಲ್ಯಾಪ್‌ಟಾಪಿನಿಂದ ಅದರೊಳಗೆ ಹೊಕ್ಕು, ಯಾವ ಕೆಲಸದಲ್ಲಿ ಇಷ್ಟು ಮುಳುಗಿದೆಯೆಂದು ನೋಡಲು ಹೋದೆ. ಒತ್ತಿದ ಒಂದೊಂದು ಅಕ್ಷರವೂ ಸಾಹೇಬರ ಸಹಿ ಆಗಿ ಬಂದಂತೆ ನಿಧಾನಕ್ಕೆ ಮೂಡುತ್ತಿತ್ತು. ಅಂತೂ ಉತ್ತರ ಬಂತು. ಡಬ್ಬಿ ತನ್ನ ತಲೆಯನ್ನೆಲ್ಲ ಒಂದೇ ಕೆಲಸಕ್ಕೆ ಕೊಟ್ಟಿತ್ತು, ಫೋಟೊಗಳಲ್ಲಿರುವ ಮುಖಗಳ ಗುರುತು ಹಿಡಿಯುವುದು. ಇದ್ದ ಮೆಮೊರಿ ಸಾಲದೆ ಡಿಸ್ಕನ್ನೂ ಅದಕ್ಕೇ ದುಡಿಸುತ್ತಿತ್ತು. ಎರಡೂ ಕಡೆಯ ಮದುವೆ, ಸೀಮಂತ, ಜಾವಳಗಳಿಗೆ ಬಂದ ಸಮಸ್ತ ಬೀಗರನ್ನು ಬೇರೆಬೇರೆ ಮಾಡಲು ಹೊರಟಿತ್ತು ಪಾಪ. ನಾನು ಮದುವೆಯಾಗಿ ಇಷ್ಟು ವರ್ಷವಾದರೂ ನನಗೇ ಆಗಿಲ್ಲ.

“ಇದನ್ನ ಯಾರು ಹಚ್ಚಿದ್ರಿ?” ಎಂದು ಕೇಳಿದೆ.

ಗಂಡ ಪೇಪರಿನಿಂದ ಮುಖ ಎತ್ತಲಿಲ್ಲ. “ನಾನ ಹಚ್ಚೇನಿ. ಸೆಂಟರಿನ ಬ್ಯಾನರಿಗೆ ನನ್ನ ಹಳೇ ಫೋಟೊ ಬೇಕಾಗಿತ್ತು.”

“ನನಗ ಕೇಳಿದ್ರ ಹುಡುಕಿ ಕೊಡ್ತಿರಲಿಲ್ಲೇನ್ರಿ?”

“ಕೂದ್ಲಿರೋ ಫೋಟೊ ಬೇಕಂತ ಹೆಂಗ ಕೇಳ್ಲಿ?”

ಆ ಕೆಲಸವನ್ನು ನಿಲ್ಲಿಸಿದೆ. ಮುಂದೆ ರಾತ್ರಿ ಎಲ್ಲರೂ ಮಲಗಿದಾಗ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಲೆಂದು ಹೊತ್ತು ಗೊತ್ತುಮಾಡಿದೆ. ಡಬ್ಬಿ ಕೂಡಲೇ ಹುರುಪಿಗೆ ಬಂತು. ಅಷ್ಟರಲ್ಲಿ ಅದು ಗುರುತಿಸಿದ್ದನ್ನು ಟಿವಿಯಲ್ಲಿ ತೆರೆದು ನೋಡಿದೆವು. ಕೂದಲಿದ್ದ ನನ್ನ ಗಂಡನನ್ನೂ ಈಗಿನವರನ್ನೂ ಬೇರೆಬೇರೆ ಮನುಷ್ಯರೆಂದು ಅದು ತೀರ್ಮಾನಿಸಿತ್ತು. ನನ್ನ ನಗು ನಿಲ್ಲುವ ಮೊದಲೇ ಅತ್ತೆ ಎದ್ದು ನಿಂತರು.

“ನನ್ನ ಫೋಟೊದಾಗ ಆಕಿ ಯಾಕ ಬಂದ್ಲು?”

ಆಕಿ ಎಂದರೆ ಹುಬ್ಬಳ್ಳಿಯಲ್ಲಿರುವ ಅವರ ಅಕ್ಕ, ನನ್ನ ಗಂಡನಿಗೆ ದೊಡ್ಡವ್ವ. ಹಿಂದೊಮ್ಮೆ ಅತ್ತೆ ಕೊಟ್ಟ ಸೀರೆಯನ್ನೇ ಅಕ್ಕ ಮರೆತು, ಒಂದು ಮದುವೆಯಲ್ಲಿ ಅತ್ತೆಗೇ ಉಡುಗೊರೆಯಾಗಿ ಆಯೇರಿ ಮಾಡಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ಇಬ್ಬರ ಮಾರೀನೂ ಒಂದ ಅಂತ ತಿಳ್ಕೊಂಡೈತ್ರಿ ಅತ್ತಿ.”

“ಆಕಿ ಮೂಗು ನೋಡು, ನನ್ನ ಮೂಗು ನೋಡು. ಕಣ್ಣಿಲ್ಲೇನು ನಿನ್ನ ಡಬ್ಬಿಗೆ?”

ಎರಡೂ ಮೂಗು ನೋಡಿದೆ. ಅಂಥದ್ದೇ ಮೂರನೆಯದು ಗಂಡನ ಮುಖದ ಮೇಲಿತ್ತು. “ಭಾಳ ಫರಕ್ ಐತ್ರಿ” ಎಂದೆ.

ಅತ್ತೆಗೆ ಸಮಾಧಾನವಾಗಲಿಲ್ಲ. ಫೋನ್ ತೆಗೆದುಕೊಂಡು ಅಕ್ಕನಿಗೇ ಹಚ್ಚಿದರು. “ಮಾತಾಡಾಕ ಹಚ್ಚಿಲ್ಲ, ಒಂದು ವಿಷಯ ಹೇಳಾಕ ಹಚ್ಚೇನಿ” ಎಂದು ಶುರುಮಾಡಿ ಎಲ್ಲ ಹೇಳಿದರು. ಆ ಕಡೆಯ ದನಿ ಸ್ಪೀಕರ್ ಇಲ್ಲದೆಯೇ ನಮಗೆಲ್ಲ ಕೇಳಿಸಿತು.

“ನಾ ನಿನ್ನಂಗ ಕಾಣ್ತೇನೇನು? ನಾಳೆ ಬರ್ತೇನಿ. ಆ ಡಬ್ಬಿ ಮುಂದ ಕುಂದ್ರಸು ನನ್ನ.”

ಬಂದೇ ಬಂದರು, ಬಸ್ಸಿನಲ್ಲಿ ಜಾಗ ಸಿಗದ ಸಿಟ್ಟನ್ನೂ ಕಟ್ಟಿಕೊಂಡು. ಇಬ್ಬರೂ ಸೋಫಾದ ಎರಡು ತುದಿ ಹಿಡಿದು ಟಿವಿ ಮುಂದೆ ಕೂತರು. ರಿಮೋಟ್ ನನ್ನ ಕೈಗೆ ಬಂತು. ಡಬ್ಬಿ ಒಂದೊಂದೇ ಮುಖ ತೋರಿಸಿ “ಇವರು ಅವರೇನಾ?” ಎಂದು ಕೇಳುತ್ತಿತ್ತು. ಅವರು ನ್ಯಾಯ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ತಮ್ಮ ಮುಖ ಬಿಟ್ಟು ಮಂದಿಯ ಮುಖ ಹಿಡಿದರು. ಯಾರ ಹಲ್ಲು ಹೊಸದು, ಯಾರು ಬಣ್ಣ ಹಚ್ಚಿದ್ದು ಮೀಸೆಗೆ ಮಾತ್ರ, ಯಾರು ಎಲ್ಲ ಮದುವೆಗೂ ಒಂದೇ ಕೋಟು ಹಾಕಿದ್ದಾರೆ. ಸೋಫಾದ ನಡುವಿನ ಜಾಗ ಕಡಿಮೆಯಾಗುತ್ತ ಬಂತು.

ಆಗ ಒಂದು ಹಳೆಯ ಕಪ್ಪುಬಿಳುಪು ಫೋಟೊ ಬಂತು. ಎರಡು ಜಡೆಯ ಹುಡುಗಿಯೊಬ್ಬಳು ಸ್ಟುಡಿಯೊದ ಕಾಗದದ ಹೂವಿನ ಪಕ್ಕ ನಿಂತಿದ್ದಳು.

“ಇದು ನಾನು. ಆ ಲಂಗ ನಂದು” ಎಂದರು ದೊಡ್ಡವ್ವ.

“ಲಂಗ ನಿಂದು. ಒಳಗಿದ್ದಾಕಿ ನಾನು” ಎಂದರು ಅತ್ತೆ.

ಇಬ್ಬರೂ ಎದ್ದು ಟಿವಿಯ ಹತ್ತಿರ ಹೋಗಿ ಕನ್ನಡಕ ಏರಿಸಿ ಇಳಿಸಿ ನೋಡಿದರು. ಗುರುತಾಗಲಿಲ್ಲ. ತಮ್ಮದೇ ಮುಖ ತಮಗೆ ತಿಳಿಯದೆ ಇಬ್ಬರೂ ನನ್ನತ್ತ ತಿರುಗಿದರು. ನಾನು “ಗೊತ್ತಿಲ್ಲ” ಒತ್ತಿ ಚಹಾ ಮಾಡಲು ಒಳಗೆ ಹೋದೆ.

ಸಂಜೆ ದೊಡ್ಡವ್ವ ಹೊರಟರು. ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಅಕ್ಕನಿಗೆ ಫೋನ್ ಹಚ್ಚಿ “ಮನಿ ಮುಟ್ಟಿದೇನು?” ಎಂದರು. ಆ ಕಡೆಯಿಂದ “ಹ್ಞೂ” ಎಂದು ಬಂತು. ಅಷ್ಟೇ ಮಾತು. ಇಬ್ಬರೂ ಫೋನ್ ಇಟ್ಟರು.