ಅವ್ವನ ಡಬ್ಬಿಯ ಗುಳಿಗೆಗಳು

ಕಮಲಾಪುರದ ನಮ್ಮ ಓಣಿಗೆ ಅವ್ವನೇ ಅರ್ಧ ಡಾಕ್ಟರು. ಕಾರಣ, ಅವಳ ಹಳೆಯ ಎಲೆ-ಅಡಿಕೆ ಡಬ್ಬಿ. ಮನೆಯಲ್ಲಿ ಯಾರಿಗೆ ಡಾಕ್ಟರು ಗುಳಿಗೆ ಬರೆದುಕೊಟ್ಟರೂ ಜ್ವರ ಇಳಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಅದರಲ್ಲಿ ಹಾಕಿಡುತ್ತಿದ್ದಳು. ಪಕ್ಕದ ಮನೆಯವರಿಗೆ ಕೆಮ್ಮು ಬಂದರೆ ಕೆಂಪು-ಕಪ್ಪು ಗುಳಿಗೆ ಎರಡು, ಹಲ್ಲುನೋವಿಗೆ ಹಳದಿಯದು ಒಂದು. ತಾನೂ ಅದನ್ನೇ ನುಂಗುತ್ತಿದ್ದಳು. ನಾನು ಅಲ್ಲಿಯೇ ಶಾಲೆಯ ಟೀಚರು. ಮಕ್ಕಳಿಗೆ ಆರೋಗ್ಯದ ಪಾಠ ಹೇಳಿ ಬಂದು, ಗಂಟಲು ಕೆರೆದರೆ ಅದೇ ಡಬ್ಬಿಗೆ ಕೈ ಹಾಕುತ್ತಿದ್ದೆ. ಯಾರನ್ನು ಬೈಯಲಿ?

ತೊಂಬತ್ತರ ದಶಕದ ಕೊನೆಯಲ್ಲಿ ಬಾಳೆತೋಟದಲ್ಲಿ ಅವ್ವನ ಪಾದಕ್ಕೆ ಮುಳ್ಳು ಚುಚ್ಚಿತು. ಡಬ್ಬಿಯ ಗುಳಿಗೆ ನಾಟಲಿಲ್ಲ. ಮೊಣಕಾಲತನಕ ಬಾವು ಏರಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಎರಡು ಬಗೆಯ ಇಂಜೆಕ್ಷನ್ ಕೊಟ್ಟರೂ ಜ್ವರ ಜಗ್ಗಲಿಲ್ಲ. "ಇನ್ನ ಎರಡು ದಿನ ನೋಡೋಣ್ರೀ. ಇಳೀಲಿಲ್ಲಂದ್ರ ಕಾಲು ತೆಗೀಬೇಕಾಗ್ತದ," ಎಂದರು ಡಾಕ್ಟರು.

ಅವ್ವನ ಗಾಯದ ಕೀವು ಮೇಲಿನ ಮಹಡಿಯ ಲ್ಯಾಬಿಗೆ ಹೋಗಿತ್ತು. ಅಲ್ಲಿ ಪರೀಕ್ಷೆ ಮಾಡುತ್ತಿದ್ದವರು ಕಲಬುರಗಿಯದೇ ಮೋಮಿನಪುರ ಬಡಾವಣೆಯ ಒಬ್ಬ ಹೆಣ್ಣುಮಗಳು. ಎರಡನೆಯ ದಿನ ನನ್ನನ್ನು ಕರೆದು ಒಂದು ಗಾಜಿನ ತಟ್ಟೆ ತೋರಿಸಿದರು. ಒಂದೊಂದಕ್ಕೆ ಒಂದೊಂದು ಔಷಧಿ ಹಚ್ಚಿದ ಪುಟ್ಟ ಬಿಳಿ ಬಿಲ್ಲೆಗಳ ಅಂಚಿನವರೆಗೂ ಅವ್ವನ ಗಾಯದ ಕ್ರಿಮಿಗಳು ಮೊಸರಿನ ಕೆನೆಯಂತೆ ಬೆಳೆದಿದ್ದವು. ಒಂದೇ ಒಂದು ಬಿಲ್ಲೆಯ ಸುತ್ತ ಮಾತ್ರ ಜಾಗ ಸ್ವಚ್ಛವಾಗಿತ್ತು.

"ಇದೊಂದೇ ನೋಡ್ರೀ ಮೇಡಂ. ಬಾಕಿ ಯಾವುದಕ್ಕೂ ಇವು ಅಂಜಂಗಿಲ್ಲ."

ಅದೇ ಇಂಜೆಕ್ಷನ್ ಶುರುವಾಯಿತು, ಹದಿನಾಲ್ಕು ದಿನಕ್ಕೆ. ಐದನೆಯ ದಿನ ಜ್ವರ ಬಿಟ್ಟದ್ದೇ ತಡ, ಅವ್ವ ಹಟ ಹಿಡಿದಳು: "ಸಾಕು ಬಿಡವಾ. ಉಳಿದ ಬಾಟ್ಲಿ ಇಡು, ಓಣ್ಯಾಗ ಯಾರಿಗರ ಬೇಕಾಗ್ತಾವ." ಡಾಕ್ಟರು ಗದರಿದರು, ನಾನು ಅತ್ತುಬಿಟ್ಟೆ. ಜಪ್ಪಯ್ಯ ಅಂದರೂ ಅವಳು ಒಪ್ಪಲಿಲ್ಲ. ಸುದ್ದಿ ತಿಳಿದು ಲ್ಯಾಬಿನ ಹೆಣ್ಣುಮಗಳು ತಾವೇ ಕೆಳಗಿಳಿದು ಬಂದು ಅವಳ ಮಂಚದ ಮೇಲೆ ಕುಳಿತರು.

"ಅಮ್ಮಾ, ಇದನ್ನ ಅರ್ಧಕ್ಕ ಬಿಟ್ರ ಉಳಿದ ಕ್ರಿಮಿ ಇದಕ್ಕೂ ಪಳಗತಾವ. ಆಮ್ಯಾಲ ಅವು ನಿಮ್ಮ ಓಣ್ಯಾಗ ಯಾರಿಗರ ಹತ್ತಿದ್ರ, ಕೊಡ್ಲಿಕ್ಕ ಏನೂ ಇರಂಗಿಲ್ಲ. ಅವರ ಸಲುವಾಗಿ ಪೂರಾ ತಗೋರಿ."

ಅವ್ವ ನರ್ಸ್ ಕಡೆಗೆ ಕೈ ಚಾಚಿದಳು. ಹದಿನಾಲ್ಕೂ ದಿನ ಚಾಚಿದಳು. ಕಾಲು ಉಳಿಯಿತು.

ತಿಂಗಳಾದ ಮೇಲೆ ಅವ್ವ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಆ ಲ್ಯಾಬಿನ ಮೆಟ್ಟಿಲು ಹತ್ತಿದಳು. ಬುಟ್ಟಿಯನ್ನು ನನಗೆ ಮುಟ್ಟಗೊಡಲಿಲ್ಲ. ಜೊತೆಗೆ ಡಬ್ಬಿಯನ್ನೂ ತಂದಿದ್ದಳು. "ಇವನ್ನ ಎಲ್ಲಿ ಚೆಲ್ಲಬೇಕು ಹೇಳು ಯವ್ವಾ," ಅಂದಳು. ನಾನು ಕೈ ಮುಗಿದೆ. ಆ ಉಪಕಾರವನ್ನು ಇವತ್ತಿಗೂ ನೆನೆಯುತ್ತೇನೆ. ಆ ಹೆಣ್ಣುಮಗಳು ಹಣ್ಣನ್ನೂ ನೋಡಲಿಲ್ಲ, ಡಬ್ಬಿಯನ್ನೂ ನೋಡಲಿಲ್ಲ. ಬಗ್ಗಿ ಅವ್ವನ ಪಾದಗಳನ್ನು ನೋಡಿದರು, ಎರಡನ್ನೂ.