ಜೀಪು ಬಿಟ್ಟು ಬೋರೆ ಹತ್ತಿದ್ದು

ದಸರಾ ರಜೆಯ ನಡುವಿನ ಒಂದು ಶನಿವಾರ ಬೆಳಕು ಹರಿಯುವ ಹೊತ್ತಿಗೆ ನಾನು ಮಂಡ್ಯ ಬಿಟ್ಟೆ. ಬೆನ್ನಿಗೆ ಒಂದು ಚೀಲ, ಅದರಲ್ಲಿ ಬಟ್ಟೆ, ಪಂಕ್ಚರ್ ಸಾಮಾನು, ಅಮ್ಮ ಕಟ್ಟಿಕೊಟ್ಟ ಚಪಾತಿ. ಕೆಳಗೆ ದಪ್ಪ ಟೈರಿನ ಗೇರ್ ಸೈಕಲ್ಲು. ಹಿಂದಿನ ಸಂಜೆ ಸುರಿದ ಮಳೆಗೆ ಧೂಳು ಅಡಗಿತ್ತು. ಹೊಸ ಹೆದ್ದಾರಿಯೊಳಕ್ಕೆ ಸೈಕಲ್ ಬಿಡುವುದಿಲ್ಲವಾದ್ದರಿಂದ ಪಕ್ಕದ ರಸ್ತೆ ಹಿಡಿದು ಮದ್ದೂರಿನ ಕಡೆ ತುಳಿದೆ.

ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಎಲ್ಲರಿಗೂ ಪಿ.ಟಿ. ಸವಿತಾ ಮೇಡಂ. ನಮ್ಮ ಶಾಲೆಯ ಐದಾರು ಹೆಣ್ಣುಮಕ್ಕಳಿಗೆ ಗುಡ್ಡದ ಸೈಕಲ್ ಸ್ಪರ್ಧೆಯ ಹುಚ್ಚು ಹತ್ತಿಸಿದವಳು ನಾನೇ. ಕಬ್ಬಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಅದನ್ನು ಕಲಿಸಲು ಆಗುವುದಿಲ್ಲ. ಮಳವಳ್ಳಿಯಾಚೆ ಒಂದು ಬೋರೆ ಇದೆ. ಕಲ್ಲು, ಲಂಟಾನ, ಕುರುಚಲು ಹುಲ್ಲಿನ ಗುಡ್ಡ. ಸರ್ಕಾರದ ಗೋಮಾಳ, ಮೇಯುವುದು ಊರಿನ ಕುರಿ ದನ. ತಿಂಗಳಿಗೊಂದು ಭಾನುವಾರ ನಾನು ಮಕ್ಕಳನ್ನು ಬಸ್ಸಿನಲ್ಲಿ, ಸೈಕಲ್ಲುಗಳನ್ನು ಟೆಂಪೋದಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವಾರವೇ ಜೀಪುಗಳು ಸಾಲುಗಟ್ಟುತ್ತವೆ. ಹಾಗೆ ಬಂದ ಜೀಪುಗಳಿಂದಲೇ ಈ ಪ್ರಯಾಣ ಬೇಕಾದದ್ದು.

ಮಳೆಗಾಲದಲ್ಲಿ ಕೆಸರಿನ ಆಟಕ್ಕೆಂದು ಬಂದ ಜೀಪುಗಳು ಬೋರೆಯನ್ನು ನೆಟ್ಟಗೆ ಹತ್ತಿ ನೆಟ್ಟಗೆ ಇಳಿದಿದ್ದವು. ಚಕ್ರದ ಜಾಡು ಕೊರಕಲಾಗಿ, ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ, ಕುರಿ ದನ ನೀರು ಕುಡಿಯುವ ಕೆಳಗಿನ ಕಟ್ಟೆಗೆ ಇಳಿದಿತ್ತು. ಊರವರು ರೇಗಿದ್ದರು. ಸೋಮವಾರ ಜೆಸಿಬಿ ತರಿಸಿ ಬೋರೆಯ ಸುತ್ತ ಟ್ರೆಂಚ್ ಹೊಡೆಯುವುದು, ಜೀಪಾಗಲಿ ಸೈಕಲ್ಲಾಗಲಿ ಯಾವ ಚಕ್ರವೂ ಒಳಗೆ ಬರಕೂಡದು ಎಂದು ತೀರ್ಮಾನಿಸಿದ್ದರು. ನಾನು ಪಂಚಾಯ್ತಿ ಮೆಂಬರ್ ಪುಟ್ಟತಾಯಮ್ಮನಿಗೆ ಫೋನ್ ಮಾಡಿದಾಗ ಆಕೆ ಹೇಳಿದ್ದು ಇಷ್ಟೇ: "ಬಾರವ್ವ, ಮಾತಾಡ್ಮ. ಆ ಜೀಪಿನೋರ್ನೂ ಕರ್ಕಂಡ್ ಬಾ. ಆದ್ರೆ ಜೀಪು ಊರೊಳಕ್ಕೆ ಬಂದ್ರೆ ನಾನು ಮಾತಾಡಾಕಿಲ್ಲ."

ಹನಕೆರೆಯಲ್ಲಿ ಟೀ ಕುಡಿಯಲು ನಿಂತೆ. ಅಂಗಡಿಯಾತ ಸೈಕಲ್ಲನ್ನು ಸುತ್ತು ಹಾಕಿ ನೋಡಿ, "ಎಲ್ಲೀಗಂಟ ಮೇಡಂ?" ಎಂದ.

"ಮಳವಳ್ಳಿ."

"ಮಳವಳ್ಳೀಗೆ ಮಂಡ್ಯದಿಂದ ನ್ಯಾರ ಬಸ್ಸದೆ. ಮದ್ದೂರ್ ಸುತ್ಕಂಡ್ ಯಾಕೋಯ್ತೀರಿ?"

"ಮದ್ದೂರಲ್ಲಿ ಒಬ್ರನ್ನ ಜೊತೆ ಮಾಡ್ಕೋಬೇಕು."

"ಅವ್ರೂ ಸೈಕಲ್ಲಾ?" ಎಂದು ಕೇಳಿ, ನಾನು ಹೌದೆಂದಾಗ ಬನ್ನು ತಿನ್ನಲು ಒತ್ತಾಯ ಮಾಡಿದ. ತಿಂದೆ.

ಆ ಒಬ್ಬರು ನಾಗರಾಜಣ್ಣ. ಮದ್ದೂರಿನಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಹಳೆಯ ಜೀಪುಗಳನ್ನು ಕಟ್ಟಿ, ಬಂಡೆ ಹತ್ತಿಸಿ, ಹಳ್ಳ ದಾಟಿಸುವುದು ಅವನ ಆಟ. ಅವನ ಹಿಂದೆ ಆ ಆಟದ ಗೆಳೆಯರ ಗುಂಪೇ ಇದೆ. ಬೋರೆಗೆ ಬಂದ ಜೀಪುಗಳಲ್ಲಿ ಕೆಲವು ಬೆಂಗಳೂರಿನವು, ಕೆಲವು ಅವನ ಗುಂಪಿನವು. ಜೀಪಿಲ್ಲದೆ ಬನ್ನಿ ಎಂದು ಫೋನ್ ಮಾಡಿದಾಗ ಬಸ್ಸು ಅನ್ನುತ್ತಾನೆ ಅಂದುಕೊಂಡಿದ್ದೆ, ಅವನು ಸೈಕಲ್ ಅಂದಿದ್ದ. ಗ್ಯಾರೇಜಿನ ಮುಂದೆ ಭಾವಮೈದನ ಹಳೇ ಕಬ್ಬಿಣದ ಸೈಕಲ್ಲನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ನಿಂತಿದ್ದ. ಆಳು ಗಟ್ಟಿಮುಟ್ಟು, ಹೊಟ್ಟೆ ಅದಕ್ಕಿಂತ ಒಂದು ಕೈ ಮುಂದು.

"ಎಸ್ಸೆಲ್ಸಿ ಆದ್ಮೇಲೆ ತುಳ್ದಿಲ್ಲ ಮೇಡಂ," ಎಂದ. "ಮರ್ತೋಗಿರಾಕಿಲ್ಲ ಬುಡಿ."

ಮರೆತಿರಲಿಲ್ಲ, ಆದರೆ ಕೆ.ಎಂ. ದೊಡ್ಡಿ ಮುಟ್ಟುವುದರೊಳಗೆ ಮೂರು ಸಲ ಇಳಿದ. ಬಿಸಿಲು ಏರಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಪಕ್ಕಕ್ಕೇ ಬಂದು ಹಾರ್ನ್ ಹೊಡೆಯುತ್ತಿದ್ದವು. ಆಲೆಮನೆಯ ಬೆಲ್ಲದ ಪಾಕದ ವಾಸನೆ ರಸ್ತೆಗೇ ಬರುತ್ತಿತ್ತು. ದೊಡ್ಡಿಯ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು ಹೊರಬಂದಾಗ ಅವನಿಗೆ ತೊಡೆ ಹಿಡಿದುಕೊಂಡಿತ್ತು. ನಾಲೆ ಏರಿಯ ಮೇಲೆ ಹೊಂಗೆಯ ನೆರಳಿನಲ್ಲಿ ಕೂರಿಸಿ, ಶಾಲೆಯ ಮಕ್ಕಳಿಗೆ ಮಾಡಿಸುವಂತೆ ಕಾಲು ಚಾಚಿಸಿ ನೀವಿದೆ.

ಅವನು ನಾಲೆಯ ನೀರು ನೋಡುತ್ತ ಹೇಳಿದ: "ಕೆಸ್ರಲ್ಲಿ ಹತ್ಸೋದೇ ಮಜಾ ಮೇಡಂ. ಜೀಪು ಜಾರ್ಬೇಕು, ನಾವು ಇಡೀಬೇಕು. ಹತ್ತುದ್ರೆ ಸಾಕು ಅಂತ ನೋಡ್ತೀವಿ. ಕೆಳೀಕೆ ಏನಾಯ್ತದೆ ಅಂತ ತಿರುಗಿ ನೋಡಿಲ್ಲ."

"ನಾಳೆ ನೋಡಿ," ಎಂದೆ. ಮತ್ತೆ ಹತ್ತಿದ. ಮಳವಳ್ಳಿಯ ಮೊದಲ ಮನೆಗಳು ಕಂಡಾಗ ಅವನ ಮುಖ ಕೆಂಪೇರಿತ್ತು, ಆದರೆ ಸೈಕಲ್ಲಿನಿಂದ ಇಳಿದಿರಲಿಲ್ಲ. ಆ ರಾತ್ರಿ ಅವನ ಅಕ್ಕನ ಮನೆಯಲ್ಲಿ ಉಳಿದೆವು.

ಭಾನುವಾರ ಬೆಳಿಗ್ಗೆ ಊರ ಮುಂದಿನ ಅರಳಿಮರದ ಬಳಿ ಪುಟ್ಟತಾಯಮ್ಮ ಕಾದಿದ್ದಳು. ಐವತ್ತು ದಾಟಿದ ಹೆಂಗಸು. ಮನೆ ತುಂಬ ಕುರಿ, ಊರ ತುಂಬ ಮಾತು. ಜೊತೆಗೆ ಹತ್ತು ಹನ್ನೆರಡು ಜನ ಗಂಡಸರು, ಹೆಂಗಸರು. ನಾಗರಾಜಣ್ಣನ ಸೈಕಲ್ಲನ್ನು ನೋಡಿ ಆಕೆ, "ನೀನೇ ಏನ್ಲಾ ಆ ಜೀಪಿನೋನು?" ಎಂದಳು.

"ಊಂ ಕಣವ್ವ."

"ಮದ್ದೂರಿಂದ ತುಳ್ಕಂಡ್ ಬಂದ್ಯಾ? ಹಂಗಾರೆ ಬಾ."

ಮೊದಲು ಕಟ್ಟೆಗೆ ಕರೆದೊಯ್ದಳು. ಮಳೆಗಾಲಕ್ಕೆ ಮುಂಚೆ ನಾನು ನೋಡಿದ್ದ ತಿಳಿನೀರು ಈಗ ಟೀಯ ಬಣ್ಣಕ್ಕಿತ್ತು. ದಡದ ಹೂಳಿನಲ್ಲಿ ಕುರಿಗಳ ಗೊರಸು ಹೂತು, ಅವು ಬಾಯಿ ಹಾಕಿ ಹಿಂದೆ ಸರಿಯುತ್ತಿದ್ದವು. ಆಮೇಲೆ ಬೋರೆ. ಕೊರಕಲುಗಳು ಮೊಣಕಾಲಿನ ಆಳಕ್ಕಿದ್ದವು. ನಾಗರಾಜಣ್ಣ ಒಂದರೊಳಗೆ ಇಳಿದು ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನೋಡ್ದೇನಮ್ಮ," ಎಂದಳು ಪುಟ್ಟತಾಯಮ್ಮ ನನಗೆ. "ಇದು ಜೀಪು, ಅದು ಸೈಕಲ್ಲು ಅಂತ ನಾನ್ ಬ್ಯಾರೆ ಮಾಡಾಕಿಲ್ಲ. ಚಕ್ರ ಅಂದ್ರೆ ಚಕ್ರ ಕಣಮ್ಮ. ನಾಳೀಕೆ ಟ್ರೆಂಚ್ ಒಡೀತೀವಿ, ಮುಗೀತು."

ಸೈಕಲ್ಲು ಹಗುರ, ನಮ್ಮಿಂದ ಇದಾಗಲಿಲ್ಲ ಎಂದು ಹೇಳಬಹುದಿತ್ತು. ಅದು ಪೂರ್ತಿ ನಿಜವೂ ಅಲ್ಲ. ನಮ್ಮ ಮಕ್ಕಳೂ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಜಾರಿಸಿದ ಕಡೆ ಹುಲ್ಲು ಕಿತ್ತು ಹೋಗಿತ್ತು. ನಾನು ಬೇರೆಯದನ್ನು ಹೇಳಿದೆ. "ಟ್ರೆಂಚ್ ಹೊಡೆದ್ರೆ ಜೀಪು ನಿಲ್ತದೆ, ನಿಜ. ಆದ್ರೆ ಈ ಕೊರಕಲು ನಿಲ್ಲಲ್ಲ ಅವ್ವ. ಮಳೆ ಬಂದಾಗೆಲ್ಲ ಇನ್ನೂ ಮಣ್ಣು ಇಳೀತದೆ. ಇದನ್ನ ಮುಚ್ಚೋರು ಯಾರು?"

"ಯಾರು? ನೀವ್ ಮುಚ್ಚೀರಾ?"

ನಾನು ಬಾಯಿ ತೆರೆಯುವುದರೊಳಗೆ ನಾಗರಾಜಣ್ಣ ಕೊರಕಲಿನೊಳಗಿನಿಂದಲೇ, "ಮುಚ್ತೀವಿ," ಎಂದ. ಅಲ್ಲೇ ನಿಂತು ಗೆಳೆಯರಿಗೆ ಫೋನ್ ಹಚ್ಚಿದ. "ಬರ್ರುಲಾ. ಜೀಪು ಬ್ಯಾಡ, ಬಸ್ಸಿಗೆ ಬನ್ನಿ. ಆರೆ, ಗುದ್ದಲಿ ತನ್ನಿ." ಆ ಕಡೆಯವನು ಏನೋ ನಕ್ಕಿರಬೇಕು. "ತಮಾಸೆ ಅಲ್ಲ ಕಣ್ಲಾ. ನಾನ್ ಸೈಕಲ್ ತುಳ್ಕಂಡ್ ಬಂದಿವ್ನಿ," ಎಂದು ಫೋನ್ ಇಟ್ಟ.

ಅವರು ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಊಟದ ಹೊತ್ತಿಗಿಂತ ಮುಂಚೆ ಎಂಟು ಜನ ಹಾರೆ ಹೆಗಲ ಮೇಲಿಟ್ಟುಕೊಂಡು ಮಳವಳ್ಳಿ ರಸ್ತೆಯಿಂದ ನಡೆದುಕೊಂಡೇ ಬಂದರು. ದೊಡ್ಡ ದೊಡ್ಡ ಬೂಟು, ತಲೆಗೆ ಟೋಪಿ. ಊರ ಹೆಂಗಸರು ಅವರನ್ನು ನೋಡಿ ನಕ್ಕರು, ನಕ್ಕು ಮಣ್ಣು ಹೊರುವ ಮಂಕರಿ ತಂದುಕೊಟ್ಟರು.

ಕೆಲಸ ಹೀಗೆ ನಡೆಯಿತು. ಕೊರಕಲಿಗೆ ಅಡ್ಡಡ್ಡ ಕಲ್ಲು ಜೋಡಿಸಿ, ನೀರು ಓಡದಂತೆ ತಡೆದು, ಪಕ್ಕದ ಹುಲ್ಲಿಗೆ ತಿರುಗಿಸುವುದು. ಕಲ್ಲಿನ ಸಂದಿಗೆ ಲಂಟಾನದ ಕೊಂಬೆ ಹೊಡೆದು ತುಂಬುವುದು. ಇನ್ನೊಂದು ಕಡೆ ನಾನು ಸೈಕಲ್ಲಿಗೊಂದು ದಾರಿ ಗುರುತು ಹಾಕಿದೆ. ನೆಟ್ಟಗೆ ಇಳಿಯದೆ ಬೋರೆಯನ್ನು ಅಡ್ಡಡ್ಡವಾಗಿ ಸುತ್ತುತ್ತ ನಿಧಾನವಾಗಿ ಏರುವ ದಾರಿ, ಒಂದು ಮೊಳದ ಅಗಲ. ತಿರುವುಗಳಲ್ಲಿ ಬಂಡೆ ಇರುವ ಜಾಗವನ್ನೇ ಆರಿಸಿದೆ. ಪುಟ್ಟತಾಯಮ್ಮ ಹಿಂದೆಯೇ ಬಂದು ಎರಡು ಕಡೆ, "ಇಲ್ಲಿ ಬ್ಯಾಡ, ಮರಿಗಳು ಮಲಗೋ ಜಾಗ," ಎಂದಳು. ದಾರಿ ಸರಿಸಿದೆ.

ಜೀಪಿನ ಮಾತೂ ಅಲ್ಲೇ ಬಂತು. ಬೋರೆಯ ಪೂರ್ವಕ್ಕೆ ನಿಂತುಹೋದ ಕಲ್ಲುಕ್ವಾರಿಯ ದಾರಿಯಿದೆ, ಬರೀ ಬಂಡೆ. "ಅಷ್ಟೇ ಸಾಕು ಕಣವ್ವ," ಎಂದ ನಾಗರಾಜಣ್ಣ. "ಒಣಗಿದ್ದಾಗ ಮಾತ್ರ. ಊರಿಗೆ ಏಳಿಯೇ ಬತ್ತೀವಿ. ಈ ಕಡೀಕೆ ಒಂದು ಗಾಲೀನೂ ಇಡಾಕಿಲ್ಲ."

"ಬಾಯ್ಮಾತು ಯಾರ್ ಬೇಕಾರೂ ಆಡ್ತಾರೆ," ಎಂದಳು ಆಕೆ. "ಮಳೆ ಬರೋ ಅಂಗದೆ. ನೀರೇ ಏಳ್ತದೆ ಬುಡು, ನಿಮ್ ಕೆಲ್ಸ ಎಂಗದೆ ಅಂತ."

ಸಂಜೆಯಾಗುತ್ತಿದ್ದಂತೆ ಮೋಡ ಕವಿದು ಮೊದಲ ಹನಿಗಳು ಬಿದ್ದವು. ಅದೇ ಹೊತ್ತಿಗೆ ಊರ ಕಡೆಯಿಂದ ಇಂಜಿನ್ ಸದ್ದು. ಬೆಂಗಳೂರಿನ ಕಡೆಯ ಬಣ್ಣಬಣ್ಣದ ಎರಡು ಜೀಪುಗಳು ನೇರ ಬೋರೆಯ ಬುಡಕ್ಕೇ ಬಂದವು. ಮಳೆ ನೋಡಿಕೊಂಡೇ ಹೊರಟವರು. ನಮ್ಮವರೆಲ್ಲ ಹಾರೆ ಬಿಟ್ಟು ನಿಂತರು. ಊರ ಗಂಡಸರಲ್ಲಿ ಒಬ್ಬ ಕಲ್ಲು ಎತ್ತಿಕೊಂಡ. ಪುಟ್ಟತಾಯಮ್ಮ ಅವನ ಕೈ ಹಿಡಿದಳು. ಈಗ ಒಂದು ಜಗಳವಾದರೆ ದಿನವಿಡೀ ಜೋಡಿಸಿದ್ದೆಲ್ಲ ಮಣ್ಣುಪಾಲು.

ನಾಗರಾಜಣ್ಣ ಕೆಳಗಿಳಿದು ಹೋಗಿ ಮುಂದಿನ ಜೀಪಿನ ಬಾನೆಟ್ಟಿನ ಮೇಲೆ ಕೆಸರಿನ ಕೈ ಇಟ್ಟ. ಒಳಗಿನ ಯುವಕ ಗಾಜು ಇಳಿಸಿ, "ಇದು ಸರ್ಕಾರಿ ಜಾಗ ಅಲ್ವಾ? ಎಲ್ರೂ ಹೋಗ್ಬೋದು," ಎಂದ.

"ಸರ್ಕಾರೀದೆ. ಅದಕ್ಕೇ ನಾವು ರಿಪೇರಿ ಮಾಡ್ತಾ ಇರೋದು," ಎಂದ ನಾಗರಾಜಣ್ಣ. "ನಾನೂ ನಿಮ್ಮಂಗೇ ಜೀಪಿನೋನೇ ಸ್ವಾಮಿ. ಇಳೀರಿ, ಕಟ್ಟೆ ತೋರಿಸ್ತೀನಿ. ನೋಡುದ್ ಮ್ಯಾಕೂ ಹತ್ಸಬೇಕು ಅನ್ಸುದ್ರೆ ನನ್ ಮ್ಯಾಲೆ ಹತ್ಸಿ."

ಅವರು ಇಳಿದರು. ಮಳೆಯಲ್ಲೇ ನೆನೆಯುತ್ತ ಕಟ್ಟೆಯವರೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ವಾಪಸು ಬಂದು ಜೀಪುಗಳನ್ನು ಹಿಂದಕ್ಕೆ ತೆಗೆದು, ಊರಾಚೆ ನಿಲ್ಲಿಸಿ, ಆ ಯುವಕರಲ್ಲಿ ಇಬ್ಬರು ನಡೆದುಕೊಂಡು ಬಂದು ಮಂಕರಿ ಹಿಡಿದರು.

ಆಮೇಲೆ ಮಳೆ ಜಡಿಯಿತು. ನಾವೆಲ್ಲ ಒಂದು ಬಂಡೆಯ ಸೂರಿನಡಿ ಒತ್ತಿ ನಿಂತು ಕೊರಕಲನ್ನೇ ನೋಡಿದೆವು. ಮೇಲಿನಿಂದ ಕೆಂಪು ನೀರು ನುಗ್ಗಿ ಬಂತು. ಮೊದಲ ಕಲ್ಲಿನ ಸಾಲಿಗೆ ಬಡಿದು ತಿರುಗಿ ಹುಲ್ಲಿಗೆ ಹರಡಿತು. ಎರಡನೆಯ ಸಾಲಿಗೆ ಬಂದದ್ದು ಅರ್ಧ. ಒಂದು ಕಡೆ ಕಲ್ಲು ಕುಸಿಯಿತು. ಇಬ್ಬರು ಓಡಿಹೋಗಿ ಹೆಗಲು ಕೊಟ್ಟು ನಿಲ್ಲಿಸಿದರು. ಕೆಳಗಿನ ಸಾಲಿನಿಂದ ಕಟ್ಟೆಯ ಕಡೆ ಇಳಿದದ್ದು ಮಣ್ಣು ಸೋಸಿದ ಸಣ್ಣ ಧಾರೆ. ಪುಟ್ಟತಾಯಮ್ಮ ಸೆರಗು ತಲೆಗೆ ಹೊದ್ದು ಇಳಿದು ಹೋಗಿ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದಳು. ನಮ್ಮ ಕಡೆ ತಿರುಗಿ, "ನಿಂತದೆ ಕಣ್ರಲಾ," ಎಂದಳು. ಬಂಡೆಯಡಿ ಇದ್ದವರೆಲ್ಲ ಒಟ್ಟಿಗೆ ಕೂಗಿಕೊಂಡೆವು. ಕಲ್ಲು ಎತ್ತಿಕೊಂಡಿದ್ದವನೇ ಎಲ್ಲರಿಗಿಂತ ಜೋರಾಗಿ ಕೂಗಿದ.

ಆ ದಿನ ನಾನು ಸೈಕಲ್ ಹತ್ತಲಿಲ್ಲ. ನೆಲ ಹಸಿಯಿದ್ದಾಗ ಯಾರೂ ಹತ್ತಕೂಡದು ಎಂದು ದಾರಿ ಗುರುತು ಹಾಕುವಾಗ ನಾನೇ ಪುಟ್ಟತಾಯಮ್ಮನಿಗೆ ಮಾತು ಕೊಟ್ಟಿದ್ದೆ. ಮಿಕ್ಕವರು ಬಸ್ಸಿಗೆ ಹೊರಟರು, ನಾವಿಬ್ಬರು ಪುಟ್ಟತಾಯಮ್ಮನ ಮನೆಯಲ್ಲಿ ಉಳಿದೆವು.

ಸೋಮವಾರ ಬೆಳಿಗ್ಗೆಯಿಂದಲೇ ಚುರುಕು ಬಿಸಿಲು. ಜೆಸಿಬಿ ಬಂತು. ಅದರ ಮುಂದೆ ಪುಟ್ಟತಾಯಮ್ಮ, ಊರವರು ಒಂದಷ್ಟು ಹೊತ್ತು ಗಲಾಟೆಯಲ್ಲೇ ಮಾತಾಡಿಕೊಂಡರು. ಕೊನೆಗೆ ಆಕೆ ಡ್ರೈವರನಿಗೆ, "ಬೋರೆ ಸುತ್ತ ಬ್ಯಾಡ ಕಣಪ್ಪ. ಜೀಪ್ ಹತ್ತೋ ಬಾಯಿಗೆ ಮಾತ್ರ ಬಂಡೆ ಎಳ್ದಾಕು. ಕ್ವಾರಿ ದಾರಿ ಮುಟ್ಬ್ಯಾಡ. ಆಮೇಲೆ ಕಟ್ಟೆ ಊಳು ಎತ್ತು," ಎಂದಳು. ನನ್ನ ಕಡೆ ತಿರುಗಿ, "ಏನ್ ನಿಂತ್ಕಂಡೆ? ದಾರಿ ಒಣಗ್ಯದೆ, ಓಗು," ಎಂದಳು.

ತುಳಿದು ಹತ್ತಿದೆ. ದಾರಿ ಕಾಲಿಗೆ ಒಗ್ಗುವಂತೆ ಏರಿತು. ಬೋರೆಯ ನೆತ್ತಿಯಿಂದ ಮಳವಳ್ಳಿಯ ಕೆರೆ, ಗದ್ದೆಗಳ ಹಸಿರು, ದೂರಕ್ಕೆ ನೀಲಿ ಬೆಟ್ಟಸಾಲು ಕಂಡವು. ಉಸಿರು ತೆಗೆದುಕೊಂಡು ಇಳಿಜಾರಿಗೆ ಸೈಕಲ್ ಬಿಟ್ಟೆ. ತಿರುವು, ಬಂಡೆ, ಮತ್ತೆ ತಿರುವು. ಗಾಳಿ ಕಿವಿಯಲ್ಲಿ ಸುಯ್ಯೆನ್ನುತ್ತಿತ್ತು. ಎಲ್ಲೂ ಚಕ್ರ ಜಾರಲಿಲ್ಲ, ಹುಲ್ಲು ಕೀಳಲಿಲ್ಲ. ಕೆಳಗೆ ಬಂದಾಗ ಊರ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ನಲವತ್ತೆರಡು ವರ್ಷದ ನಾನು ಗೆದ್ದು ಬಂದ ಹುಡುಗಿಯಂತೆ ಕೈ ಮೇಲೆತ್ತಿದೆ.

"ನಿನ್ ಎಣ್ಮಕ್ಳನ್ನ ಕರ್ಕಂಡ್ ಬಾ," ಎಂದಳು ಪುಟ್ಟತಾಯಮ್ಮ. "ಮಳೆ ನಿಂತ್ಮೇಲೆ. ಇಟ್ಟು ಸಾರು ನಮ್ಮನೇಲೇ."

ಮಧ್ಯಾಹ್ನ ಹೊರಟೆವು. ಊರು ದಾಟಿ ರಸ್ತೆ ಏರಿದ ಕಡೆ ನಾಗರಾಜಣ್ಣ ಸೈಕಲ್ ನಿಲ್ಲಿಸಿ ಹಿಂದಕ್ಕೆ ನೋಡಿದ, ನಾನೂ ನೋಡಿದೆ. ಕಟ್ಟೆಯ ದಡದಲ್ಲಿ ಜೆಸಿಬಿ ಹೂಳು ಎತ್ತುತ್ತಿತ್ತು. ಬೋರೆಯ ಮೈಮೇಲೆ ನಾವು ಎಳೆದ ಹೊಸ ದಾರಿ ಸಣ್ಣ ಗೆರೆಯಂತೆ ಕಾಣುತ್ತಿತ್ತು. ಪುಟ್ಟತಾಯಮ್ಮನ ಕುರಿಗಳು ಒಂದರ ಹಿಂದೊಂದು ಅದೇ ಗೆರೆ ಹಿಡಿದು, ತಿರುವಿನಲ್ಲಿ ತಿರುಗಿ, ನೆತ್ತಿಯ ಕಡೆ ಹತ್ತುತ್ತಿದ್ದವು.